ಟಾರ್ಚನ ಪೆಟ್ಟಿಗೆ, ನನ್ನ ಪೆಟ್ಟಿಗೆ

ಜನವರಿ 9

ಚೂಟಿಗೆ,

ಈ ಭೂಮಂಡಲದಲ್ಲಿ ಒಂದು ಹಾಡಿನ ಬಾಲಕ್ಕೆ ಇನ್ನೊಂದು ಹಾಡಿನ ತಲೆಯನ್ನು ಮೊಟ್ಟಮೊದಲು ಹೊಲಿದವನು ನಾನು. ಅದಕ್ಕೆ ಮೊದಲು ಹಾಡು ಮುಗಿದರೆ ಜನ ಬಸ್ಸು ಕಾಯುವವರಂತೆ ಕೈಕಟ್ಟಿ ನಿಲ್ಲುತ್ತಿದ್ದರು. ನಾನು ಬಂದೆ, ಎರಡು ಪ್ಲೇಯರು ಪಕ್ಕಪಕ್ಕ ಇಟ್ಟೆ, ಜಗತ್ತು ನಿಲ್ಲದೆ ಕುಣಿಯತೊಡಗಿತು. ಹೊರದೇಶದ ಮೂವರು ಬಂದು ನೋಡಿಕೊಂಡು ಹೋಗಿ ಅದಕ್ಕೆ ಡಿಜೆ ಎಂದು ಹೆಸರಿಟ್ಟರು. ಹೆಸರು ಅವರದು, ಕಸುಬು ನನ್ನದು. ಇದು ಪತ್ರಿಕೆಯಲ್ಲಿ ಬರಬೇಕಾಗಿತ್ತು. ಬರಲಿಲ್ಲ.

ಇಲ್ಲಿ ನಾನು ಕ್ಷೇಮವಿಲ್ಲ. ಅಲ್ಲಿ ನೀನು ಕ್ಷೇಮವೆಂದು ಭಾನುವಾರದ ಪುರವಣಿಯಲ್ಲಿ ಓದಿದೆ. ಅರ್ಧ ಪುಟ! ಒಂದು ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡ ಫೋಟೊ ಬೇರೆ. ನಿಮ್ಮಮ್ಮ ಅದನ್ನು ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿದ್ದಾರೆ. ನಾನು ಮೂರು ಸಲ ಓದಿದೆ. ಮೊದಲೆರಡು ಸಲ ಕಣ್ಣು ಮೋಸ ಮಾಡಿರಬಹುದೆಂದು ಮೂರನೆಯ ಸಲ ಕನ್ನಡಕ ಹಾಕಿಕೊಂಡು ಓದಿದೆ. ಕಣ್ಣು ಮೋಸ ಮಾಡಿರಲಿಲ್ಲ. ‘ನನಗೆ ಮೊದಲ ಸಲ ಹೆಡ್‌ಫೋನ್ ಹಾಕಿದವರು ನಮ್ಮ ಬೀದಿಯ ಟಾರ್ಚ್ ಮಾಮ’ ಎಂದು ನೀನೇ ಹೇಳಿದ್ದೀಯ.

ಟಾರ್ಚ! ಹದಿನೆಂಟು ವರ್ಷ ನನ್ನ ಸೌಂಡ್ ಅಂಗಡಿಯಲ್ಲಿ ಪಾಲುದಾರನೆಂದು ಹೇಳಿಕೊಂಡು ವೈರು ಸುತ್ತಿದವನು. ಹಗಲಲ್ಲೂ ಅಂಗಿಯ ಜೇಬಿಗೆ ಟಾರ್ಚು ಸಿಕ್ಕಿಸಿಕೊಂಡು ತಿರುಗುವವನು, ಸೂರ್ಯನನ್ನೂ ನಂಬದ ಮನುಷ್ಯ. ಪಾಲು ಮುರಿದುಕೊಂಡು ಎದುರುಗಡೆ ಅಂಗಡಿ ಹಾಕಿದ ಮೇಲೆ ಅವನಿಗೆ ಬಾಯಿ ಬಂತೆಂದುಕೊಂಡಿದ್ದೆ. ಅದಲ್ಲದೆ ಗುರುಪಟ್ಟವೂ ಬಂದಿದೆ ಎಂದು ಈಗ ತಿಳಿಯಿತು.

ಪುರವಣಿ ಬಂದ ವಾರದಲ್ಲೇ ಅವನು ಹೊಸ ಪೆಟ್ಟಿಗೆ ತರಿಸಿದ್ದಾನೆ. ಎರಡು ಪ್ಲೇಯರು, ನಡುವೆ ಎರಡರ ಸದ್ದನ್ನೂ ಬೆರೆಸುವ ಒಂದು ಮಿಕ್ಸರು. ಎಲ್ಲ ದೊಡ್ಡ ಊರಿನ ಎಲ್ಲ ಕ್ಲಬ್ಬಿನಲ್ಲೂ ಇರುತ್ತದಂತಲ್ಲ, ಅದೇ ಕಂಪನಿಯದು. ಗಾಜಿನ ಹಿಂದೆ ಇಟ್ಟು ಮೇಲೊಂದು ದೀಪ ಹಾಕಿದ್ದಾನೆ. ನಾನು ನೋಡಲು ಹೋಗಿಲ್ಲ. ದಿನಕ್ಕೆ ನಾಲ್ಕು ಸಲ ಆ ಕಡೆ ಕೆಲಸ ಬೀಳುತ್ತದೆ, ಕಣ್ಣಿಗೆ ಸಿಗುತ್ತದೆ, ಅಷ್ಟೆ.

ನಾನೂ ತರಿಸುತ್ತೇನೆ, ಅವನದಕ್ಕಿಂತ ದೊಡ್ಡದು. ಯಾವುದು ತರಿಸಲಿ ಎಂದು ನಿನ್ನನ್ನು ಕೇಳುತ್ತಿರುವುದು ನನಗೆ ತಿಳಿಯದೆಂದಲ್ಲ. ಕಿರಿಯರಿಗೂ ಒಮ್ಮೊಮ್ಮೆ ಮಾತಾಡಲು ಬಿಡಬೇಕು.

ಫೋನು ಮಾಡಬೇಡ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ. ಪತ್ರವಾದರೆ ನಾನು ಮುಗಿಸುವವರೆಗೆ ಸುಮ್ಮನಿರಲೇಬೇಕು.

ಇಂತಿ,
ಸಮಸ್ತ ಡಿಜೆಗಳ ಮೂಲಪುರುಷ,
ನಿನ್ನ ಚಿಕ್ಕಪ್ಪ


ಜನವರಿ 22

ಚಿಕ್ಕಪ್ಪ,

ನಾನು ಕೆಲಸ ಮಾಡುವ ಹೋಟೆಲಿನ ಕೆಳಮಹಡಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಬೋರಲು ಹಾಕಿ ನೆಲ ಒರೆಸುತ್ತಿದ್ದಾರೆ. ಹಗಲು ಈ ಜಾಗಕ್ಕೆ ಬಂದರೆ ಇಲ್ಲಿ ಯಾರಾದರೂ ಕುಣಿದಾರೆಂದು ನಂಬಲಾಗುವುದಿಲ್ಲ.

ನೀನೇ ಇಟ್ಟುಕೊಂಡು ನೀನೇ ನುಡಿಸುವುದಾದರೆ ಯಾವ ಪೆಟ್ಟಿಗೆಯಾದರೂ ಸರಿ. ಟಾರ್ಚ್ ಮಾಮ ತಂದದ್ದಕ್ಕಿಂತ ಚೆನ್ನಾಗಿರುವವು ಎರಡು ಮೂರಿವೆ, ಬೆಲೆಯೂ ಕಡಿಮೆ. ಆದರೆ ನೀನು ಕೊಳ್ಳುವುದು ಬಾಡಿಗೆಗೆ. ಬಾಡಿಗೆಗೆ ಇಡುವುದು ನಿನಗೆ ಇಷ್ಟವಾದರೆ ಸಾಲದು, ಬರುವವರ ಕೈಗೆ ಪರಿಚಯವಿರಬೇಕು. ಸೈಕಲ್ಲು ಎಷ್ಟೇ ಒಳ್ಳೆಯದಿದ್ದರೂ ಬ್ರೇಕನ್ನು ಬೇರೆ ಕಡೆ ಇಟ್ಟರೆ ಬಾಡಿಗೆ ಸೈಕಲ್ ಅಂಗಡಿಯಲ್ಲಿ ಅದನ್ನು ಯಾರು ಮುಟ್ಟುತ್ತಾರೆ? ನಾವು ಹಾಡುಗಳನ್ನೆಲ್ಲ ಮನೆಯಲ್ಲೇ ಜೋಡಿಸಿ, ಎಲ್ಲಿ ಶುರು, ಎಷ್ಟು ವೇಗ ಎಂದು ಗುರುತು ಹಾಕಿ ಪೆನ್‌ಡ್ರೈವಿನಲ್ಲಿ ತರುತ್ತೇವೆ. ಆ ಕಂಪನಿಯ ಪೆಟ್ಟಿಗೆಗೆಂದು ಹಾಕಿದ ಗುರುತು ಬೇರೆಯದರಲ್ಲಿ ಕಾಣುವುದಿಲ್ಲ. ಅದಕ್ಕೇ ಹೊರಗಿನಿಂದ ಬರುವ ಡಿಜೆಗಳು ತಮಗೆ ಬೇಕಾದ ಪೆಟ್ಟಿಗೆಯನ್ನು ಚೀಟಿಯಲ್ಲಿ ಬರೆದು ಮೊದಲೇ ಕಳಿಸುತ್ತಾರೆ. ಹತ್ತಕ್ಕೆ ಒಂಬತ್ತು ಚೀಟಿಯಲ್ಲಿ ಇರುವುದು ಟಾರ್ಚ್ ಮಾಮ ತಂದದ್ದೇ. ನೀನೂ ಅದನ್ನೇ ತಗೊ. ಇಲ್ಲವಾದರೆ ಏನೂ ತಗೊಳ್ಳಬೇಡ.

ಪುರವಣಿಯ ವಿಷಯ. ಮೊದಲು ಯಾರು ಹೆಡ್‌ಫೋನ್ ಹಾಕಿದರು ಎಂದು ಕೇಳಿದರು, ಅದನ್ನು ಹೇಳಿದೆ. ನೀನು ಮುಟ್ಟಲು ಬಿಡುತ್ತಿರಲಿಲ್ಲವಲ್ಲ.

ನಿನ್ನ,
ಚೂಟಿ


ಫೆಬ್ರವರಿ 19

ಚೂಟಿಗೆ,

ಪೆಟ್ಟಿಗೆ ಬಂದಿದೆ. ನೀನು ಹೇಳಿದ್ದಲ್ಲ.

ಕೋಪಿಸಿಕೊಳ್ಳುವ ಮೊದಲು ಕೇಳು. ಇಲ್ಲಿಂದ ಎರಡು ಗಂಟೆಯ ಹಾದಿ, ಆ ಮಾರಾಟಗಾರನ ಅಂಗಡಿಗೆ ಹೋಗಿದ್ದೆ. ನಿಜವಾಗಿಯೂ ನೀನು ಹೇಳಿದ್ದನ್ನೇ ಕೇಳಿದೆ. ಅವನು ನನ್ನ ಮುಖ ನೋಡಿ, “ನಿಮ್ಮಂಥ ಅನುಭವಸ್ಥರು ಕುರಿ ಹಿಂಡಿನ ಜೊತೆ ಹೋಗ್ತೀರಾ ಸಾರ್?” ಎಂದ. ಅಷ್ಟರಲ್ಲಿ ಅವನ ಕೈ ಹಿಂದಿನ ಪರದೆ ಸರಿಸಿತ್ತು. ಚೂಟಿ, ಏನು ಹೇಳಲಿ! ಪ್ಲೇಯರಿನ ಮೇಲೆ ಪಾಠದ ಹಲಗೆಯಷ್ಟು ಪರದೆ. ಹದಿನಾರು ಗುಂಡಿ, ಹದಿನಾರು ಬಣ್ಣ, ಒತ್ತಿದರೆ ಒಂದೊಂದೂ ಬೆಳಗುತ್ತದೆ. ಟಾರ್ಚನ ಪೆಟ್ಟಿಗೆ ಅದರ ಮುಂದೆ ಬಟ್ಟೆ ಒಗೆಯುವ ಕಲ್ಲು.

ಬೆಲೆ ಕೇಳಬೇಡ. ಟಾರ್ಚ ಕೊಟ್ಟದ್ದರ ಅರ್ಧ ಎಂದುಕೊ.

ನಿನ್ನ ಚಿಕ್ಕಮ್ಮ ಬಾಗಿಲಲ್ಲಿ ನಿಂತು ಒಂದು ಸುತ್ತು ನೋಡಿ, “ಊರಿಗೊಂದು ದಾರಿಯಾದ್ರೆ ಎಡವಟ್ಟನಿಗೊಂದು ದಾರಿ” ಎಂದು ಒಳಗೆ ಹೋದಳು. ಸಂಗೀತ ತಿಳಿಯದವರ ಮಾತು. ಟಾರ್ಚನೂ ಬಂದಿದ್ದ. ಕರೆದಿರಲಿಲ್ಲ, ಬೀದಿ ದಾಟಿ ಬಂದ. ಪೆಟ್ಟಿಗೆಯ ಸುತ್ತ ಟಾರ್ಚು ಬಿಟ್ಟು ನೋಡಿ, “ಚೆನ್ನಾಗಿದೆ ಕಣೋ” ಎಂದ. ಅಷ್ಟೆ. ಬೈದಿದ್ದರೆ ನಾನೂ ನಾಲ್ಕು ಬೈದು ಉಂಡು ಮಲಗುತ್ತಿದ್ದೆ. ಆ ‘ಚೆನ್ನಾಗಿದೆ’ಯನ್ನು ಮೂರು ದಿನದಿಂದ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ, ಎಲ್ಲಿ ಚುಚ್ಚಿದನೆಂದು ಸಿಗುತ್ತಿಲ್ಲ.

ಮುಟ್ಟಲು ಬಿಡುತ್ತಿರಲಿಲ್ಲ ಎಂದು ಬರೆದಿದ್ದೀಯ. ಆ ಕಾಲದಲ್ಲಿ ರೆಕಾರ್ಡ್ ಪ್ಲೇಯರಿನ ಒಂದು ಸೂಜಿಯ ಬೆಲೆ ಎಷ್ಟಿತ್ತು ಗೊತ್ತೆ? ನಿನ್ನದು ಒಂಬತ್ತು ವರ್ಷದ ಕೈ. ಅಷ್ಟೇ ಕಾರಣ. ಬೇರೇನಿಲ್ಲ.

ಇಂತಿ,
ಹದಿನಾರು ಬಣ್ಣಗಳ ಒಡೆಯ,
ನಿನ್ನ ಚಿಕ್ಕಪ್ಪ


ಮಾರ್ಚ್ 11

ಚಿಕ್ಕಪ್ಪ,

ಆ ಪೆಟ್ಟಿಗೆ ಒಳ್ಳೆಯದೇ. ಸುಳ್ಳು ಹೇಳುವುದಿಲ್ಲ, ನಾನು ಅದರ ಮೇಲೆ ಎರಡು ಸಲ ನುಡಿಸಿದ್ದೇನೆ. ಆದರೆ ಎಷ್ಟು ಜನ ಬಾಡಿಗೆ ಕೇಳಿ ಬಂದರು? ಅದನ್ನು ನೀನು ಬರೆದಿಲ್ಲ.

ಅರ್ಧ ಬೆಲೆ ಎಂದರೆ ಎಷ್ಟು? ಅದನ್ನೂ ಬರೆದಿಲ್ಲ.

ಇಲ್ಲಿ ನನಗೆ ಕೆಲಸ ಕಲಿಸಿದ ಅಕ್ಕ ಒಬ್ಬರಿದ್ದಾರೆ. ಮಂಗಳವಾರ ಹಾಲ್ ಖಾಲಿ ಇರುವಾಗ ನಾಲ್ಕು ಕಂಪನಿಯ ಪೆಟ್ಟಿಗೆ ಸಾಲಾಗಿ ಇಟ್ಟು, ಹೆಸರುಗಳ ಮೇಲೆ ಕಪ್ಪು ಟೇಪು ಸುತ್ತಿ, “ನುಡಿಸು” ಎನ್ನುತ್ತಾರೆ. ಪೆಟ್ಟಿಗೆ ಸರಿಯಿಲ್ಲ ಅಂದರೆ ಅವರಿಂದ ಒಂದೇ ಮಾತು: “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.” ಗೊತ್ತಿಲ್ಲದ ಪೆಟ್ಟಿಗೆಯ ಮುಂದೆ ಮೊದಲು ಮೂರೇ ಹುಡುಕಬೇಕು: ಓಡಿಸುವುದು, ವೇಗ, ಸದ್ದು. ಉಳಿದದ್ದೆಲ್ಲ ಅಲಂಕಾರ. ಹೊರಗೆ ಹೋಗುವಾಗ ಎರಡು ಪೆನ್‌ಡ್ರೈವ್ ಇಟ್ಟುಕೊಳ್ಳಬೇಕು. ಒಂದು ಎಲ್ಲ ಕಡೆ ಇರುವ ಆ ಪೆಟ್ಟಿಗೆಗೆ. ಇನ್ನೊಂದು ಯಾವುದರಲ್ಲಾದರೂ ನಡೆಯುವಂಥದ್ದು, ಹಾಡುಗಳನ್ನು ವೇಗದ ಪ್ರಕಾರ ಬೇರೆ ಬೇರೆ ಫೋಲ್ಡರಿನಲ್ಲಿ ಹಾಕಿಟ್ಟದ್ದು.

ನೀನೂ ದಿನಕ್ಕೆ ಅರ್ಧ ಗಂಟೆ ಅದರ ಮುಂದೆ ಕೂರು. ಬಾಡಿಗೆಗೆ ಹೋಗದಿದ್ದರೆ ನೀನೇ ನುಡಿಸಬಹುದಲ್ಲ.

ಒಂದು ಸುದ್ದಿ. ನಮ್ಮೂರಿನ ಗಿರಣಿ ನೌಕರರ ಸಭಾಂಗಣದವರು ತಮ್ಮ ಇಪ್ಪತ್ತೈದನೇ ವರ್ಷಕ್ಕೆ ನನ್ನನ್ನು ಕರೆದಿದ್ದಾರೆ. ಮೇ ಹದಿನೇಳು, ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ. ಅಮ್ಮ ಬರುತ್ತೇನೆ ಎಂದಿದ್ದಾಳೆ! “ಬೇರೆಯವರ ಹಾಡು ಹಾಕೋದೂ ಒಂದು ಕೆಲಸವಾ? ನರ್ಸ್ ಆಗಿದ್ರೆ ಇಷ್ಟೊತ್ತಿಗೆ ಬಡ್ತಿ ಸಿಕ್ತಿತ್ತು” ಎಂದು ಆರು ವರ್ಷದಿಂದ ಹೇಳುತ್ತಿರುವವಳು ಮೊದಲ ಸಲ ನನ್ನ ಕೆಲಸ ನೋಡುತ್ತಾಳೆ. ಈ ಒಂದು ದಿನ ಎಲ್ಲೂ ತಪ್ಪಾಗಬಾರದು.

ನಿನ್ನ,
ಚೂಟಿ


ಏಪ್ರಿಲ್ 16

ಚೂಟಿಗೆ,

ಬಾಡಿಗೆ ವಿಚಾರ ಕೇಳಿದ್ದೀಯ. ಜನ ಬರುತ್ತಿದ್ದಾರೆ. ಇದುವರೆಗೆ ಮೂವರು ಬಂದರು. ಮೂವರೂ ಚೀಟಿ ತೋರಿಸಿ “ಇದು ಇದೆಯಾ?” ಎಂದರು. ನಾನು ಹದಿನಾರು ಗುಂಡಿಯನ್ನೂ ಬೆಳಗಿಸಿ ತೋರಿಸಿದೆ. “ಚೆನ್ನಾಗಿದೆ” ಎಂದು ಬೀದಿ ದಾಟಿ ಎದುರುಗಡೆ ಹೋದರು. ಆ ಶಬ್ದ ಈ ಬೀದಿಯಲ್ಲಿ ಅಂಟುರೋಗವಾಗಿದೆ. ಟಾರ್ಚನ ಅಂಗಡಿಯ ಷಟರು ಏಳುವ ಸದ್ದು ನನಗೆ ನಿದ್ದೆಯಲ್ಲೂ ಗುರುತು. ಈ ತಿಂಗಳು ಅವನ ವ್ಯಾನು ಹನ್ನೊಂದು ಸಲ ಹೊರಟಿತು. ನಾನು ಎಣಿಸುತ್ತಿರಲಿಲ್ಲ, ಅದು ತಾನಾಗಿ ಎಣಿಕೆಯಾಯಿತು.

ಮೊನ್ನೆ ಸಭಾಂಗಣದ ಮ್ಯಾನೇಜರನ ಕೋಣೆಗೆ ಹೋಗಿದ್ದೆ. ಅವನ ಮೇಜಿನ ಗಾಜಿನ ಕೆಳಗೆ ನೀನು ಕಳಿಸಿದ ಚೀಟಿ ಇತ್ತು. ಅಚ್ಚು ಹೊಡೆದ ಅಕ್ಷರದಲ್ಲಿ ಎರಡು ಪ್ಲೇಯರು, ಒಂದು ಮಿಕ್ಸರು, ಅದೇ ಕಂಪನಿ. ಕೆಳಗೆ ನಿನ್ನ ಸಹಿ. ಓದಿ ನೀರು ಕೇಳಿ ಕುಡಿದೆ. ನನ್ನ ಅಣ್ಣನ ಮಗಳು, ನಾನು ಎತ್ತಿ ಆಡಿಸಿದ ಕೂಸು, ಹುಟ್ಟಿದ ಬೀದಿಗೆ ಬಂದು ಎಲ್ಲರೆದುರು ಟಾರ್ಚನ ಪೆಟ್ಟಿಗೆಯ ಮೇಲೆ ಕೈ ಇಡುತ್ತಾಳೆ, ಪಕ್ಕದಲ್ಲಿ ಟಾರ್ಚ ಎದೆಯುಬ್ಬಿಸಿ ನಿಂತಿರುತ್ತಾನೆ, ನಾನು ಕೆಳಗೆ ಕುರ್ಚಿಯಲ್ಲಿ ಕೂತು ಚಪ್ಪಾಳೆ ತಟ್ಟಬೇಕು. ಹೊಟ್ಟೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಳ್ಳಲು ಹೇಳುತ್ತಾರಲ್ಲ, ನನಗೆ ಒಂದು ಕೆರೆಯೇ ಬೇಕಾಗಿತ್ತು.

ಇರಲಿ. ಪೆಟ್ಟಿಗೆಯ ಚಿಂತೆ ನಿನಗೆ ಬೇಡ. ಮ್ಯಾನೇಜರನ ಹತ್ತಿರ ಮಾತಾಡಿದ್ದೇನೆ, ಎಲ್ಲ ಚೀಟಿಯಲ್ಲಿರುವಂತೆಯೇ ಆಗುತ್ತದೆ. ನೋಡಿದವರು ಬೇರೆ ಎನ್ನಲಾರರು. ಈಗ ಬೇಗ ಮುಗಿಸುತ್ತೇನೆ, ಸ್ಟಿಕ್ಕರ್ ಕತ್ತರಿಸುವವನು ಅಂಗಡಿ ಮುಚ್ಚುವುದರೊಳಗೆ ಹೋಗಬೇಕು. ಯಾಕೆಂದು ಕೇಳಬೇಡ.

ಇಂತಿ,
ಉಪಾಯಗಾರ,
ನಿನ್ನ ಚಿಕ್ಕಪ್ಪ


ಮೇ 4

ಚಿಕ್ಕಪ್ಪ,

ಮ್ಯಾನೇಜರರ ಪತ್ರ ಬಂತು. ಚೀಟಿಯಲ್ಲಿದ್ದ ಪೆಟ್ಟಿಗೆಯೇ ಸಿಕ್ಕಿದೆ, ನಿಮ್ಮ ಬೀದಿಯ ಸೌಂಡ್ ಅಂಗಡಿಯವರೇ ತರುತ್ತಾರೆ ಎಂದು ಬರೆದಿದ್ದಾರೆ. ಟಾರ್ಚ್ ಮಾಮ ಅಂದಮೇಲೆ ನನಗೆ ನೆಮ್ಮದಿ. ಅವರು ತರುತ್ತೇನೆ ಎಂದರೆ ತರುತ್ತಾರೆ, ಎರಡನೇ ಪೆನ್‌ಡ್ರೈವ್ ಕೂಡ ಬೇಕಾಗಿಲ್ಲ. ಮೂರು ವಾರದಿಂದ ಬರೀ ಆ ಎರಡು ಗಂಟೆಗಾಗಿ ಹಾಡು ಜೋಡಿಸುತ್ತಿದ್ದೇನೆ. ಅಮ್ಮನ ಕಾಲದ ಹಾಡುಗಳೂ ಇವೆ.

ನೀನು ಅಮ್ಮನ ಪಕ್ಕದಲ್ಲಿ, ಮೊದಲ ಸಾಲಿನಲ್ಲಿ ಕೂರು.

ಚೂಟಿ


ಮೇ 20

ಚಿಕ್ಕಪ್ಪ,

ಮುಖ ನೋಡಿ ಮಾತಾಡಿದ್ದರೆ ಕೂಗಾಡಿಬಿಡುತ್ತಿದ್ದೆ. ಅದಕ್ಕೇ ಮಾತಾಡದೆ ಬಸ್ಸು ಹತ್ತಿದೆ. ಪತ್ರದಲ್ಲಿ ಯಾರೂ ನಡುವೆ ಬಾಯಿ ಹಾಕುವುದಿಲ್ಲ ಎಂದು ನೀನೇ ಹೇಳಿದ್ದೀಯಲ್ಲ, ಈಗ ನಾನು ಮುಗಿಸುವವರೆಗೆ ನೀನು ಸುಮ್ಮನಿರು.

ದಾರಿಯಲ್ಲಿ ಬಸ್ಸು ಕೆಟ್ಟು ನಾನು ಸಭಾಂಗಣ ಮುಟ್ಟಿದಾಗ ಮೂರೂ ಮುಕ್ಕಾಲು ದಾಟಿತ್ತು. ವೇದಿಕೆಗೆ ಹೋಗಿ ಪೆಟ್ಟಿಗೆಯ ಮೇಲಿನ ಬಟ್ಟೆ ಸರಿಸಿದೆ. ಹೆಸರು ಸರಿಯಾಗಿತ್ತು, ಉಳಿದದ್ದು ಯಾವುದೂ ಸರಿಯಿರಲಿಲ್ಲ. ಓಡಿಸುವ ಗುಂಡಿ ಇರಬೇಕಾದಲ್ಲಿ ಬಣ್ಣದ ಗುಂಡಿ. ಪೆನ್‌ಡ್ರೈವ್ ಚುಚ್ಚಿದೆ. ಮೂರು ವಾರ ಕೂತು ಮಾಡಿದ ಪಟ್ಟಿ ಕಾಣಲೇ ಇಲ್ಲ. ಎಂಟುನೂರು ಹಾಡು, ಗೋಣಿಚೀಲ ಬೋರಲು ಹಾಕಿದಂತೆ ಬಿದ್ದಿದ್ದವು. ಕ್ರಮವಿಲ್ಲ, ಗುರುತಿಲ್ಲ, ವೇಗವಿಲ್ಲ. ಕಂಪನಿಯ ಹೆಸರಿನ ಮೇಲೆ ಉಗುರು ಹಾಕಿದೆ. ಎದ್ದು ಬಂತು. ಅದರ ಕೆಳಗೆ ಇನ್ನೊಂದು ಹೆಸರು.

ತಲೆಯೆತ್ತಿ ನೋಡಿದೆ. ಮೊದಲ ಸಾಲಿನಲ್ಲಿ ಅಮ್ಮ ನನ್ನನ್ನೇ ನೋಡುತ್ತಿದ್ದಳು. ನೀನು ಫ್ಯಾನು ನೋಡುತ್ತಿದ್ದೆ. ಫ್ಯಾನು ತಿರುಗುತ್ತಿರಲಿಲ್ಲ.

ಹಿಂದಿನ ಬಾಗಿಲಿಂದ ಟಾರ್ಚ್ ಮಾಮ ಬಂದರು. ಸ್ಟಿಕ್ಕರ್ ಅಂಗಡಿಯವನು ಅವರಿಗೂ ಗೆಳೆಯ, ಊರಿಗೆಲ್ಲ ಇರುವುದು ಅವನೊಬ್ಬನೇ ಎಂದು ನಿನಗೆ ಹೊಳೆಯಲಿಲ್ಲವೇ? ಮಾಮ ಮೆಲ್ಲಗೆ ಕಿವಿಯಲ್ಲಿ, “ನನ್ನ ಪೆಟ್ಟಿಗೆ ವ್ಯಾನಲ್ಲಿದೆ ಮಗಾ. ಐದು ನಿಮಿಷ ಸಾಕು, ಬದಲಾಯಿಸಿಬಿಡ್ತೀನಿ” ಎಂದರು. ಗಡಿಯಾರ ನೋಡಿದೆ, ಹನ್ನೊಂದು ನಿಮಿಷ ಇತ್ತು. ಬದಲಾಯಿಸಬಹುದಿತ್ತು.

“ಬೇಡ ಮಾಮ. ಇಲ್ಲಿ ಸ್ವಲ್ಪ ಬೆಳಕು ಹಿಡೀರಿ” ಎಂದೆ.

ಯಾಕೆ ಬೇಡವೆಂದೆ ಎಂದು ನಿನಗೆ ಗೊತ್ತಾಗಬೇಕು. ಬದಲಾಯಿಸಿದ್ದರೆ ನಾನೂರು ಜನರ ಮುಂದೆ ನಿನ್ನ ಪೆಟ್ಟಿಗೆಯನ್ನು ವೇದಿಕೆಯಿಂದ ಇಳಿಸಬೇಕಾಗುತ್ತಿತ್ತು. ನನಗೆ ಸಿಟ್ಟಿತ್ತು, ಆದರೆ ಅಷ್ಟಲ್ಲ. ಎದ್ದು ಬಂದ ಸ್ಟಿಕ್ಕರನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಅಂಟಿಸಿದೆ. ಅವರು ಟಾರ್ಚು ಬಿಟ್ಟರು, ನಾನು ಹುಡುಕಿದೆ. ಓಡಿಸುವುದು, ವೇಗ, ಸದ್ದು.

ಶುರುವಿನಲ್ಲಿ ಚೆನ್ನಾಗಿ ಬರಲಿಲ್ಲ. ಎರಡನೇ ಹಾಡು ಮೂರನೆಯದರ ಕಾಲು ತುಳಿಯಿತು, ಇಡೀ ಹಾಲಿಗೆ ಕೇಳಿಸಿತು. ಆಮೇಲೆ ಪರದೆ ನೋಡುವುದನ್ನೇ ಬಿಟ್ಟು ಕಿವಿಗೆ ಬಿಟ್ಟೆ. ಐದನೇ ಹಾಡಿನ ಹೊತ್ತಿಗೆ ಗಿರಣಿಯ ಹೆಂಗಸರು ಚಪ್ಪಲಿ ಬಿಟ್ಟು ಎದ್ದರು. ಉಳಿದದ್ದನ್ನು ನೀನೇ ನೋಡಿದ್ದೀಯ.

ಅಮ್ಮ ಹೊರಗೆ ಬಂದ ಮೇಲೆ ಅಂದಳು, “ಹಾಡು ಹಾಕೋದಂದ್ರೆ ಗುಂಡಿ ಒತ್ತಿ ನಿಂತ್ಕೊಳ್ಳೋದು ಅಂದ್ಕೊಂಡಿದ್ದೆ ಕಣೇ. ನಡುವೆ ಒಂದು ಸಲ ಎಡವಿದೆ ಅಲ್ವಾ? ಬೆನ್ನೆಲ್ಲಾ ಒದ್ದೆ ನೋಡು.” ನನ್ನ ಬೆನ್ನು ಒರೆಸಿದಳು. ಆಗ ನೀನು ಎಲ್ಲಿದ್ದೆ? ಸುತ್ತ ಹುಡುಕಿದೆ, ನೀನು ಹೊರಟುಹೋಗಿದ್ದೆ.

ಎರಡು ಪ್ರಶ್ನೆ. ಯಾಕೆ? ಎಷ್ಟು? ಸುಳ್ಳು ಬರೆದರೆ ವಾಪಸ್ ಕಳಿಸುತ್ತೇನೆ.

ಚೂಟಿ


ಜೂನ್ 2

ಚೂಟಿಗೆ,

ಇಷ್ಟು ಓದಿಯೂ ನಿನಗೆ ಹೊಳೆಯಲಿಲ್ಲವೇ? ಎಲ್ಲ ನಾನು ಬೇಕೆಂದೇ ಮಾಡಿದ್ದು. ನಿನ್ನ ಹೋಟೆಲಿನ ಅಕ್ಕ ಟೇಪು ಸುತ್ತಿದಂತೆ ನಾನು ಸ್ಟಿಕ್ಕರು ಅಂಟಿಸಿದೆ, ಪರೀಕ್ಷೆಗೆಂದು. ನೀನು ಪಾಸಾದೆ. ಟಾರ್ಚನ ಪೆಟ್ಟಿಗೆಯಾಗಿದ್ದರೆ ನೀನು ಬೆವರುತ್ತಿರಲಿಲ್ಲ, ಬೆವರದಿದ್ದರೆ ಅತ್ತಿಗೆ ಕರಗುತ್ತಿರಲಿಲ್ಲ. ಒಂದು ಲೆಕ್ಕದಲ್ಲಿ ಅದು ನನ್ನದೇ ಗೆಲುವು.

ಬೆಲೆ ಹೆಚ್ಚೇನಲ್ಲ. ಎಷ್ಟೋ ಸಾವಿರ. ಮರೆತಿದ್ದೇನೆ.

ಇಂತಿ,
ದೂರದೃಷ್ಟಿಯ,
ನಿನ್ನ ಚಿಕ್ಕಪ್ಪ


ಜೂನ್ 12

ನಿನ್ನ ಪತ್ರ ಇದರ ಜೊತೆಗಿದೆ. ಮತ್ತೆ ಬರೆ.

ಚೂಟಿ


ಆಗಸ್ಟ್ 23

ಚೂಟಿ,

ಎರಡು ತಿಂಗಳು ಬರೆಯಲಿಲ್ಲ. ಪೆನ್ನಿನಲ್ಲಿ ಮಸಿ ಇರಲಿಲ್ಲ ಎಂದು ಬರೆದೆ, ಹೊಡೆದು ಹಾಕಿದೆ. ವಾಪಸ್ ಬಂದ ಪತ್ರವನ್ನು ನಿನ್ನ ಚಿಕ್ಕಮ್ಮ ಓದಿದಳು. “ಜಟ್ಟಿ ಬಿದ್ರೂ ಮೀಸೆ ಮಣ್ಣಾಗಲಿಲ್ಲ. ಮೀಸೆ ಇಟ್ಕೊಂಡು ಏನ್ ಮಾಡ್ತೀರಾ, ಹುಡುಗಿ ಬರೋದು ನಿಲ್ಸಿದ್ರೆ?” ಎಂದಳು. ಅದಕ್ಕೇ ಹೊಸ ಹಾಳೆ ತೆಗೆದೆ.

ಪೆಟ್ಟಿಗೆ ಮಾರಿದೆ. ನೃತ್ಯ ಕಲಿಸುವ ಹೆಂಗಸೊಬ್ಬಳು ಕೊಂಡಳು. ಅವಳ ಶಾಲೆಗೆ ಹೊರಗಿನ ಡಿಜೆ ಯಾರೂ ಬರುವುದಿಲ್ಲ, ತಾನೇ ನುಡಿಸಿಕೊಳ್ಳುತ್ತಾಳೆ. ಅವಳಿಗೆ ಅದೇ ಸರಿಯಾದದ್ದು. ನೀನು ಜನವರಿಯಲ್ಲೇ ಹೇಳಿದ್ದೆ. ಕೊಳ್ಳುವ ಮೊದಲು, “ಒಮ್ಮೆ ನುಡಿಸಿ ತೋರಿಸಿ ಸಾರ್” ಎಂದಳು. ನಾನು ಹದಿನಾರು ಗುಂಡಿ ಬೆಳಗಿಸಿದೆ. “ನುಡಿಸಿ” ಎಂದಳು. ನೀನು ಅರ್ಧ ಗಂಟೆ ಕೂರು ಎಂದಿದ್ದೆಯಲ್ಲ, ನಾನು ಒಂದು ದಿನವೂ ಕೂರಲಿಲ್ಲ. ಕೂತರೆ ಬಾರದೆಂದು ತಿಳಿದುಹೋಗುತ್ತಿತ್ತು. ಬೀದಿ ದಾಟಿ ಟಾರ್ಚನನ್ನು ಕರೆದೆ. ಬಂದ. ಹತ್ತು ನಿಮಿಷ ಬೆಳಕು ಬಿಟ್ಟು ಅಲ್ಲಿ ಒತ್ತಿ, ಇಲ್ಲಿ ತಿರುಗಿಸಿ, ಎರಡು ಹಾಡು ಸೇರಿಸಿಯೇ ಬಿಟ್ಟ. ಎಂದೂ ಮುಟ್ಟದ ಪೆಟ್ಟಿಗೆ! ನಾನು ಮುಖ ಅತ್ತ ತಿರುಗಿಸಿದೆ. ಹೋಗುವಾಗ ಅವನು ಒಂದು ಮಾತೂ ಆಡಲಿಲ್ಲ. ಅದಕ್ಕೂ ನನಗೆ ಉರಿಯಿತು. ನಾನಾಗಿದ್ದರೆ ನಾಲ್ಕು ಆಡುತ್ತಿದ್ದೆ.

ಯಾಕೆ ಎಂದು ಕೇಳಿದ್ದೀಯ. ಟಾರ್ಚನ ಮೇಲಿನ ಹೊಟ್ಟೆಕಿಚ್ಚು ಎಂದು ನೀನು ತಿಳಿದಿರುತ್ತೀಯ. ಹೌದು, ಅದೂ ಇದೆ, ಇನ್ನೂ ಇದೆ. ಈಗಲೂ ಷಟರು ಏಳುವ ಸದ್ದಿಗೆ ಎಣಿಕೆ ಶುರುವಾಗುತ್ತದೆ. ಆದರೆ ಆ ದಿನ ಸಭಾಂಗಣದಿಂದ ಓಡಿಹೋದದ್ದು ಅವನಿಂದಲ್ಲ. ನಾನು ಮೂರು ತಿಂಗಳು ಒರೆಸಿ ಒರೆಸಿ ಇಟ್ಟ ಪೆಟ್ಟಿಗೆ, ನೀನು ಹನ್ನೊಂದು ನಿಮಿಷದಲ್ಲಿ ಮಾತಾಡಿಸಿದೆ. ಎಲ್ಲರೂ ಎದ್ದು ಕುಣಿದರು. ಅತ್ತಿಗೆ ಅಳುತ್ತ ನಗುತ್ತಿದ್ದರು. ನನಗೆ ಸಂತೋಷವಾಗಬೇಕಿತ್ತು. ಹೊಟ್ಟೆ ಉರಿಯಿತು ಚೂಟಿ. ನಿನ್ನ ಮೇಲೆ. ನಮ್ಮ ಕೂಸಿನ ಮೇಲೆ. ಆ ಮುಖ ಹೊತ್ತುಕೊಂಡು ನಿನ್ನೆದುರು ಹೇಗೆ ನಿಲ್ಲಲಿ?

ಅದು ಮೊದಲ ಸಲವೂ ಅಲ್ಲ. ನೀನು ಒಂಬತ್ತು ವರ್ಷದವಳು. ನಾನು ಅಂಗಡಿಯಲ್ಲಿ ಕುರ್ಚಿಗೊರಗಿ ತೂಕಡಿಸುತ್ತಿದ್ದೆ. ನೀನು ಸ್ಟೂಲು ಹತ್ತಿ ರೆಕಾರ್ಡು ತಟ್ಟೆಯ ಮೇಲೆ ಸೂಜಿ ಇಟ್ಟೆ. ನಾನು ಎದ್ದು ಬೈದೆ, ಕೈಗೆ ಒಂದು ಕೊಟ್ಟೆ. ಆಮೇಲೆ ಒಂದು ದಿನವೂ ಮುಟ್ಟಲು ಬಿಡಲಿಲ್ಲ. ಸೂಜಿ ಹಾಳಾಗುತ್ತದೆಂದು ಫೆಬ್ರವರಿಯಲ್ಲಿ ಬರೆದೆನಲ್ಲ, ಅದು ಸುಳ್ಳು. ಸೂಜಿಗೆ ಏನೂ ಆಗಿರಲಿಲ್ಲ. ನೀನು ಅದನ್ನು ಹಾಡು ಶುರುವಾಗುವ ಗೆರೆಯ ಮೇಲೆಯೇ ಇಟ್ಟಿದ್ದೆ, ಮೊದಲ ಸಲಕ್ಕೇ, ಒಂದು ಚರ್ ಎನ್ನುವ ಸದ್ದೂ ಇಲ್ಲದೆ. ನನಗೆ ಅದು ಬರಲು ಮೂರು ವರ್ಷ ಹಿಡಿದಿತ್ತು. ಟಾರ್ಚ ನೋಡುತ್ತಿದ್ದ. ನೀನು ಅಳುತ್ತ ಹೊರಗೆ ಹೋದಾಗ ಅವನು ನಿನ್ನ ಹಿಂದೆ ಬಂದು ಕಿವಿಗೆ ಹೆಡ್‌ಫೋನು ಹಾಕಿದ. ಪತ್ರಿಕೆಯಲ್ಲಿ ನೀನು ಹೇಳಿದ್ದು ಸರಿಯಾಗಿಯೇ ಇದೆ. ತಿದ್ದುವುದು ಬೇಡ.

ಎರಡು ಹಾಡನ್ನು ಹೊಲಿದವನೂ ನಾನಲ್ಲ. ಒಂದು ಮುಗಿಯುವುದರೊಳಗೆ ಇನ್ನೊಂದನ್ನು ಶುರುಮಾಡಿ ಮೈಕಿನಲ್ಲಿ ಕೂಗುತ್ತಿದ್ದೆ, ನಡುವಿನ ಸಂದು ಜನಕ್ಕೆ ಕೇಳಿಸಬಾರದೆಂದು. ಕೂಗುವುದು ಮಾತ್ರ ಚೆನ್ನಾಗಿ ಬರುತ್ತಿತ್ತು.

ಮುಂದಿನ ಸಲ ಬಂದಾಗ ಆ ಮೂರು ಗುಂಡಿ ತೋರಿಸಿಕೊಡುತ್ತೀಯಾ? ಟಾರ್ಚನ ಪೆಟ್ಟಿಗೆಯ ಮೇಲಾದರೂ ಸರಿ. ಅವನನ್ನು ಕೇಳಿದ್ದೇನೆ. “ಬಾ, ಮುಟ್ಟು” ಎಂದಿದ್ದಾನೆ.

ಚಿಕ್ಕಪ್ಪ

ತಾ.ಕ. ಎರಡನೇ ಪ್ರಶ್ನೆ ಉಳಿಯಿತು. ಅರ್ಧ ಬೆಲೆ ಎಂದದ್ದು ಸುಳ್ಳು, ಟಾರ್ಚ ಕೊಟ್ಟದ್ದಕ್ಕಿಂತ ಹೆಚ್ಚೇ ಕೊಟ್ಟೆ. ಐದು ಲಕ್ಷದ ಹತ್ತು ಸಾವಿರ. ಮಾರಿದ್ದು ಒಂದು ಲಕ್ಷದ ತೊಂಬತ್ತೆಂಟಕ್ಕೆ. ಸಭಾಂಗಣಕ್ಕೆ ಬಾಡಿಗೆಯಿಲ್ಲದೆ ಕೊಟ್ಟೆನಲ್ಲ, ಸಾಗಿಸಿದ ವ್ಯಾನಿಗೆ ಕೈಯಿಂದ ಹಾಕಿದ್ದು ನಾಲ್ಕು ಸಾವಿರ. ಒಟ್ಟು ಕಳೆದದ್ದು ಮೂರು ಲಕ್ಷದ ಹದಿನಾರು ಸಾವಿರದ ನಾನೂರು. ಆ ನಾನೂರು ಸ್ಟಿಕ್ಕರಿನದು.